ಪಿಂಚಣಿ ನಿಂತಿದೆ, ಆಸ್ಪತ್ರೇಲಿ ಮಾತ್ರೆ ಇಲ್ಲ: ಸರ್ಕಾರವನ್ನ ಯಾರ ಹತ್ರ, ಹೇಗೆ ಕೇಳೋದು

ನಮ್ಮ ಬೀದಿ ಕೊನೇ ಮನೆ ಅಜ್ಜಿ ಒಂದಿನ ಪಾಸ್‌ಬುಕ್ ತಂದು ಕೈಗೆ ಕೊಟ್ರು, ‘ಇದ್ರಲ್ಲಿ ಈ ತಿಂಗಳು ದುಡ್ಡು ಬಿದ್ದಿದ್ಯಾ ನೋಡಪ್ಪ’ ಅಂತ. ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕ್ಸಿದ್ರೆ ಈ ತಿಂಗಳಲ್ಲ, ಏಳು ತಿಂಗಳಿಂದ ಪಿಂಚಣಿ ಬಂದೇ ಇಲ್ಲ. ಅಜ್ಜಿ ಅಷ್ಟೂ ತಿಂಗಳು ಸುಮ್ನೆ ಕೂತಿರ್ಲಿಲ್ಲ, ಬ್ಯಾಂಕಿಗೆ ಹೋಗಿದ್ರು, ಅಲ್ಲಿ ತಾಲ್ಲೂಕು ಆಫೀಸಲ್ಲಿ ಕೇಳಿ ಅಂದ್ರು, ತಾಲ್ಲೂಕು ಆಫೀಸಿಗೆ ಹೋದ್ರೆ ಬ್ಯಾಂಕಲ್ಲಿ ಕೇಳಿ ಅಂದ್ರು, ಹಿಂಗೇ ನಾಲ್ಕು ಸಲ ಬಸ್ಸಲ್ಲಿ ಓಡಾಡಿ ಸುಸ್ತಾಗಿ ‘ನನ್ನ ಹಣೆಬರಹ’ ಅಂತ ಮನೇಲಿ ಕೂತಿದ್ರು. ಆ ನಾಲ್ಕು ಸಲದಲ್ಲಿ ಒಂದು ಸಲಾನೂ ಒಂದು ಚೀಟಿ ಕೊಟ್ಟಿರ್ಲಿಲ್ಲ, ಒಂದು ಚೀಟಿ ತಗೊಂಡಿರ್ಲಿಲ್ಲ. ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಅಜ್ಜಿ ಒಂದು ಸಲಾನೂ ಆಫೀಸಿಗೆ ಬಂದೇ ಇಲ್ಲ.

ಈ ಲೇಖನದಲ್ಲಿ ನಾನು ಹೇಳ್ಬೇಕಾಗಿರೋದು ಮುಖ್ಯವಾಗಿ ಇದೇ. ಬಾಯಲ್ಲಿ ಕೇಳಿದ್ದು ಎಲ್ಲೂ ಉಳಿಯಲ್ಲ. ಕಾಗದದಲ್ಲಿ ಕೇಳಿ ಸೀಲ್ ಹಾಕಿಸ್ಕೊಂಡ ಮೇಲೇನೇ ಒಬ್ಬ ಅಧಿಕಾರಿ ಉತ್ತರ ಕೊಡ್ಬೇಕಾದ ಜಾಗಕ್ಕೆ ಬರ್ತಾರೆ. ಪಿಂಚಣಿ, ರೇಷನ್, ಸರ್ಕಾರಿ ಆಸ್ಪತ್ರೆ, ಅಂಗನವಾಡಿ, ಅಂಗವಿಕಲರ ಸೌಲಭ್ಯ ಎಲ್ಲದಕ್ಕೂ ದಾರಿ ಹೆಚ್ಚುಕಮ್ಮಿ ಒಂದೇ. ಕರ್ನಾಟಕದಲ್ಲಿ ಇರೋರಿಗೆ ಅಂತ ಬರೀತಿದೀನಿ, ಇದರಲ್ಲಿ ಅರ್ಧ ಇಡೀ ದೇಶಕ್ಕೆ ಅನ್ವಯ ಆಗತ್ತೆ.

ಮೊದಲ್ನೇದು: ಕೇಳ್ತಿರೋದು ಹಕ್ಕು ಅಂತ ತಿಳ್ಕೊಂಡು ಹೋಗಿ

‘ದಯವಿಟ್ಟು ಮಾಡ್ಕೊಡಿ ಸಾರ್’ ಅಂತ ಕೈಮುಗಿದು ನಿಲ್ಲೋದು ನಮಗೆ ಅಭ್ಯಾಸ ಆಗೋಗಿದೆ. ಮರ್ಯಾದೆಯಿಂದ ಮಾತಾಡಿ, ಖಂಡಿತ, ಆದ್ರೆ ಭಿಕ್ಷೆ ಕೇಳ್ತಿಲ್ಲ ಅನ್ನೋದು ನಿಮಗೆ ಗೊತ್ತಿರ್ಲಿ. ರೇಷನ್ನು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರಕಾರ ಹಕ್ಕು, ಆದ್ಯತಾ ಕುಟುಂಬದಲ್ಲಿ, ಅಂದ್ರೆ ಬಿಪಿಎಲ್ ಕಾರ್ಡಿನವರಲ್ಲಿ, ತಲೆಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕಾರ್ಡಿಗೆ 35 ಕೆಜಿ, ಇದು ಕಾಯ್ದೇಲೇ ಬರೆದಿರೋದು. ಅಂಗವಿಕಲರಿಗೆ 2016ರ ಕಾಯ್ದೆ ಇದೆ, 21 ಬಗೆಯ ಅಂಗವೈಕಲ್ಯವನ್ನ ಅದು ಗುರುತಿಸತ್ತೆ. ಹಿರಿಯ ನಾಗರಿಕರಿಗೆ 2007ರ ಕಾಯ್ದೆ, ಸರ್ಕಾರಿ ಆಸ್ಪತ್ರೇಲಿ ವಯಸ್ಸಾದವರಿಗೆ ಬೇರೆ ಕ್ಯೂ ಇರ್ಬೇಕು ಅಂತ ಅದ್ರಲ್ಲೇ ಇದೆ. ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಆದ್ರೆ, ಸಿಸೇರಿಯನ್ ಆದ್ರೂನೂ, ಔಷಧಿ, ಊಟ, ಟೆಸ್ಟು, ಮನೆಗೆ ಬಿಡೋ ಗಾಡಿ ಎಲ್ಲಾ ಉಚಿತ, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ.

ತುರ್ತು ಚಿಕಿತ್ಸೆ ವಿಷ್ಯದಲ್ಲಿ ಒಂದು ಕೇಸು ಎಲ್ರಿಗೂ ಗೊತ್ತಿರ್ಬೇಕು. 1992ರ ಜುಲೈಲಿ ಪಶ್ಚಿಮ ಬಂಗಾಳದಲ್ಲಿ ಹಕೀಮ್ ಶೇಖ್ ಅನ್ನೋ ಕೂಲಿ ಕಾರ್ಮಿಕರು ರೈಲಿಂದ ಬಿದ್ದು ತಲೆಗೆ ಪೆಟ್ಟು ಮಾಡ್ಕೊಂಡ್ರು, ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಬೆಡ್ ಇಲ್ಲ, ಸೌಲಭ್ಯ ಇಲ್ಲ ಅಂತ ವಾಪಸ್ ಕಳಿಸ್ತು, ಕೊನೆಗೆ ಖಾಸಗಿ ಆಸ್ಪತ್ರೇಲಿ ಸ್ವಂತ ದುಡ್ಡಲ್ಲಿ ತೋರಿಸ್ಕೊಂಡ್ರು. ಅವರೂ ಅವರ ಸಂಘಟನೆಯೂ ಸುಪ್ರೀಂ ಕೋರ್ಟಿಗೆ ಹೋದ್ರು. 1996ರಲ್ಲಿ ತೀರ್ಪು ಬಂತು: ಸರ್ಕಾರಿ ಆಸ್ಪತ್ರೆ ಸಮಯಕ್ಕೆ ತುರ್ತು ಚಿಕಿತ್ಸೆ ಕೊಡದೇ ಇರೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ, ದುಡ್ಡಿಲ್ಲ ಅನ್ನೋ ನೆಪ ಸರ್ಕಾರ ಹೇಳೋ ಹಾಗಿಲ್ಲ, 25,000 ರೂಪಾಯಿ ಪರಿಹಾರ ಕೊಡಿ ಅಂತ. ಒಬ್ಬ ಕೂಲಿ ಕಾರ್ಮಿಕರು ಕೇಳಿದ್ರಿಂದ ಬಂದ ತೀರ್ಪು ಅದು, ಇವತ್ತಿಗೂ ವಕೀಲರು ಅದನ್ನೇ ಎತ್ತಿ ತೋರಿಸ್ತಾರೆ.

ಎರಡ್ನೇದು: ಒಂದು ನೋಟ್‌ಬುಕ್ ಇಡಿ

ದೊಡ್ಡ ಕೆಲಸ ಏನಲ್ಲ, ಆದ್ರೆ ಇದಿಲ್ದೆ ಮುಂದಿನದು ಯಾವುದೂ ನಡೆಯಲ್ಲ. ಯಾವತ್ತು ಹೋದ್ವಿ, ಎಷ್ಟು ಗಂಟೆಗೆ, ಯಾವ ಕೌಂಟರು, ಯಾರು ಏನಂದ್ರು. ಹೆಸರು ಗೊತ್ತಿಲ್ದಿದ್ರೆ ಹುದ್ದೆ ಬರ್ಕೊಳ್ಳಿ. ಆಸ್ಪತ್ರೇಲಿ ‘ಈ ಮಾತ್ರೆ ಇಲ್ಲ, ಹೊರಗಡೆ ತಗೊಳ್ಳಿ’ ಅಂತ ಚೀಟಿ ಬರ್ಕೊಟ್ರೆ ಆ ಚೀಟೀನ ಮೆಡಿಕಲ್ ಸ್ಟೋರಲ್ಲೇ ಬಿಟ್ಟು ಬರ್ಬೇಡಿ, ಫೋಟೋ ತೆಗೆದಿಟ್ಕೊಂಡು ಬಿಲ್ ಜೊತೆ ಪಿನ್ ಮಾಡಿ ಇಡಿ, ಹತ್ತು ಮನೆಯವರು ಒಂದು ತಿಂಗಳು ಹಿಂಗೆ ಇಟ್ರೆ ಬಿಪಿ ಮಾತ್ರೆ, ಶುಗರ್ ಮಾತ್ರೆ ಸ್ಟಾಕ್ ಇರ್ಲಿಲ್ಲ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಡಾಕ್ಟ್ರು ಬರಲ್ಲ ಅನ್ನೋ ದೂರಿದ್ರೆ ‘ಯಾವಾಗ್ಲೂ ಬರಲ್ಲ’ ಅಂತ ಬರೆದ್ರೆ ಅರ್ಜಿ ಬಿದ್ದೋಗತ್ತೆ, ‘ಈ ಎರಡು ವಾರದಲ್ಲಿ ಈ ಐದು ದಿನ ಬೆಳಿಗ್ಗೆ 11 ಗಂಟೆಗೂ ಬಂದಿರ್ಲಿಲ್ಲ’ ಅಂತ ತಾರೀಖು ಹಾಕಿ ಬರೆದ್ರೆ ಅವರು ಹಾಜರಾತಿ ಪುಸ್ತಕ ತೆಗೀಲೇಬೇಕು.

ಮೂರನೇದು: ಯಾರ ಟೇಬಲ್ಲಲ್ಲಿ ನಿಂತಿದೆ ಅಂತ ಹುಡುಕಿ

ಇಲ್ಲೇ ಜಾಸ್ತಿ ಜನ ದಾರಿ ತಪ್ಪೋದು. ಪಿಂಚಣಿ ಕಂದಾಯ ಇಲಾಖೆದು: ಗ್ರಾಮ ಆಡಳಿತಾಧಿಕಾರಿ, ಅಂದ್ರೆ ಮುಂಚೆ ಗ್ರಾಮ ಲೆಕ್ಕಿಗರು ಅಂತಿದ್ರಲ್ಲ ಅವರು, ಆಮೇಲೆ ನಾಡಕಚೇರಿ, ಮೇಲೆ ತಹಶೀಲ್ದಾರ್, ಅವರ ಮೇಲೆ ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ). ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆದು, ತಾಲ್ಲೂಕಲ್ಲಿ ಸಿಡಿಪಿಓ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯಾಧಿಕಾರಿ ಮೇಲೆ ತಾಲ್ಲೂಕು ಆರೋಗ್ಯಾಧಿಕಾರಿ, ಅವರ ಮೇಲೆ ಡಿಎಚ್ಓ (ಜಿಲ್ಲಾ ಆರೋಗ್ಯಾಧಿಕಾರಿ). ರೇಷನ್ನಿಗೆ ಫುಡ್ ಇನ್‌ಸ್ಪೆಕ್ಟರ್, ತಹಶೀಲ್ದಾರ್. ಅಂಗವಿಕಲರ ವಿಷ್ಯ ಆದ್ರೆ ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಅವರನ್ನ ಹಿಡೀರಿ, ಅರ್ಧ ಕೆಲಸ ಅಲ್ಲೇ ಆಗತ್ತೆ.

ಇಲ್ಲಿ ಒಂದು ಮಾತು ಮನಸ್ಸಿಂದ ಹೇಳ್ತೀನಿ. ಸಿಟ್ಟಲ್ಲಿ ಆಶಾ ಕಾರ್ಯಕರ್ತೆ ಮೇಲೆ, ಅಂಗನವಾಡಿ ಟೀಚರ್ ಮೇಲೆ, ಡ್ಯೂಟೀಲಿರೋ ಒಬ್ಬಳೇ ನರ್ಸ್ ಮೇಲೆ ಕೂಗಾಡ್ಬೇಡಿ. ಆಶಾ ಅಂಗನವಾಡಿಯವರಿಗೆ ಸಂಬಳ ಅಂತಾನೂ ಇಲ್ಲ, ಗೌರವಧನ. ಮಾತ್ರೆ ಸಪ್ಲೈ ಮಾಡದೇ ಇದ್ದಿದ್ದು ಅವರಲ್ಲ, ಖಾಲಿ ಹುದ್ದೆ ತುಂಬದೇ ಇದ್ದಿದ್ದು ಅವರಲ್ಲ. ಬಯಲು ಪ್ರದೇಶದಲ್ಲಿ 30,000 ಜನಕ್ಕೆ, ಗುಡ್ಡಗಾಡು ಆದಿವಾಸಿ ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ ಇರ್ಬೇಕು ಅಂತ ಮಾನದಂಡ, ನಿಮ್ಮ ಪಿಎಚ್‌ಸಿ ಎಷ್ಟು ಜನಕ್ಕೆ ಇದೆ, ಮಂಜೂರಾದ ಹುದ್ದೆ ಎಷ್ಟು, ಭರ್ತಿ ಆಗಿರೋದು ಎಷ್ಟು ಅಂತ ಕೇಳಿ ನೋಡಿ, ಪ್ರಶ್ನೆ ತಾನಾಗೇ ಮೇಲಿನವರಿಗೆ ಹೋಗತ್ತೆ, ಎಷ್ಟೋ ಸಲ ಆ ನರ್ಸೇ ನಿಮಗೆ ಸರಿಯಾದ ಲೆಕ್ಕ ಹೇಳ್ತಾರೆ.

ನಾಲ್ಕನೇದು: ಅರ್ಜಿ ಬರೀರಿ, ಸೀಲ್ ಹಾಕಿಸ್ಕೊಳ್ಳಿ

ಅರ್ಜಿ ಒಂದು ಪುಟ ಮೀರ್ಬಾರ್ದು. ಯಾರು, ಯಾವ ಸೌಲಭ್ಯ, ಮಂಜೂರಾತಿ ಆದೇಶದ ನಂಬರ್ ಮತ್ತು ತಾರೀಖು, ಯಾವತ್ತಿಂದ ನಿಂತಿದೆ, ಏನು ಬೇಕು. ಕೊನೇಲಿ ಹಿಂಗೆ ಬರೀರಿ: ‘ನಿಂತಿರುವ ಪಿಂಚಣಿಯನ್ನು ಕೂಡಲೇ ಪುನರಾರಂಭಿಸಿ, ನಿಂತ ತಿಂಗಳಿನಿಂದ ಇಲ್ಲಿಯವರೆಗಿನ ಬಾಕಿಯನ್ನು ಪಾವತಿಸಬೇಕು. ಸಾಧ್ಯವಿಲ್ಲದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.’ ಬಾಕಿ ಅನ್ನೋ ಪದ ಬರೀದೇ ಹೋದ್ರೆ ಮುಂದಿನ ತಿಂಗಳಿಂದ ಶುರು ಮಾಡಿ ಹಿಂದಿನದನ್ನ ಮರೆತುಬಿಡ್ತಾರೆ. ಕಾರಣ ಲಿಖಿತವಾಗಿ ಅನ್ನೋದೂ ಅಷ್ಟೇ ಮುಖ್ಯ, ಯಾಕಂದ್ರೆ ಕಾರಣ ಗೊತ್ತಿಲ್ದೆ ಮೇಲ್ಮನವಿ ಬರೆಯೋದು ಕತ್ತಲಲ್ಲಿ ಕಲ್ಲು ಹೊಡ್ದಂಗೆ.

ಎರಡು ಪ್ರತಿ ಮಾಡಿ. ಒಂದು ಕೊಡಿ, ಇನ್ನೊಂದರ ಮೇಲೆ ಸೀಲ್, ಸಹಿ, ತಾರೀಖು ಹಾಕಿಸ್ಕೊಳ್ಳಿ, ಸ್ವೀಕೃತಿ ಅಂತಾರೆ. ‘ಇಟ್ಟು ಹೋಗಿ, ನೋಡ್ತೀವಿ’ ಅಂದ್ರೆ ಇಟ್ಟು ಹೋಗ್ಬೇಡಿ. ಸೀಲ್ ಹಾಕಲ್ಲ ಅಂತ ಹಠ ಮಾಡಿದ್ರೆ ವಾದ ಬೇಡ, ಸೀದಾ ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ಆ ರಸೀದೀನೇ ನಿಮ್ಮ ಸ್ವೀಕೃತಿ.

ಸರ್ಕಾರಿ ಸೇವೆ ಗಡುವಿನೊಳಗೆ ಸಿಗ್ಬೇಕು ಅಂತ ಇರೋ ಸಕಾಲ ಯೋಜನೆ ಪಟ್ಟೀಲಿ ನಿಮ್ಮ ಸೇವೆ ಇದ್ರೆ ಇನ್ನೂ ಒಳ್ಳೇದು. 2011ರ ಸಕಾಲ ಕಾಯ್ದೆ ಪ್ರಕಾರ ಅರ್ಜಿ ಕೊಟ್ಟ ಕೂಡ್ಲೇ 15 ಅಂಕಿಯ ನಂಬರ್ ಇರೋ ರಸೀದಿ ಕೊಡ್ಬೇಕು, ಎಷ್ಟು ದಿನದಲ್ಲಿ ಮುಗಿಸ್ಬೇಕು ಅಂತ ಅದಕ್ಕೆ ಗಡುವು ಇರತ್ತೆ, ತಡ ಆದ್ರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೂ ಪರಿಹಾರ ಕೇಳ್ಬಹುದು. ದುಡ್ಡು ಸಣ್ಣದೇ, ಆದ್ರೆ ಅದು ತಡ ಮಾಡಿದವರ ಜೇಬಿಂದ ಹೋಗತ್ತಲ್ಲ, ಅದಕ್ಕೇ ಸಕಾಲ ನಂಬರ್ ಕೊಡೋಕೆ ಕೆಲವ್ರು ಹಿಂದೆಮುಂದೆ ನೋಡೋದು. ನಂಬರ್ ಕೊಡದೇ ಅರ್ಜಿ ತಗೊಂಡ್ರೆ ಬಿಡ್ಬೇಡಿ.

ಐದನೇದು: ಮಾಹಿತಿ ಹಕ್ಕು ಅರ್ಜಿ, ಇದನ್ನ ಕಲೀಲೇಬೇಕು

ಅರ್ಜಿ ಕೊಟ್ಟು ಒಂದು ತಿಂಗಳು ಆದ್ರೂ ಸದ್ದಿಲ್ಲ ಅಂದ್ರೆ ಆರ್‌ಟಿಐ ಹಾಕಿ. 2005ರ ಕಾಯ್ದೆ, ಫೀಸು 10 ರೂಪಾಯಿ, ಪೋಸ್ಟಾಫೀಸಲ್ಲಿ ಪೋಸ್ಟಲ್ ಆರ್ಡರ್ ಸಿಗತ್ತೆ. ಬಿಪಿಎಲ್ ಕಾರ್ಡ್ ಇದ್ರೆ ಅದರ ಝೆರಾಕ್ಸ್ ಲಗತ್ತಿಸಿ, ಫೀಸೇ ಇಲ್ಲ. ಯಾಕೆ ಕೇಳ್ತಿದೀರಿ ಅಂತ ಕಾರಣ ಹೇಳ್ಬೇಕಾಗಿಲ್ಲ. ಓದು ಬರಹ ಬಾರದವರು ಬಾಯಲ್ಲಿ ಹೇಳಿದ್ರೆ ಬರ್ಕೊಳ್ಳೋಕೆ ಮಾಹಿತಿ ಅಧಿಕಾರಿನೇ ನೆರವು ಕೊಡ್ಬೇಕು ಅಂತ ಕಾಯ್ದೇಲಿದೆ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷ್ಯ, 150 ಪದದೊಳಗೆ ಇರ್ಬೇಕು, ಇಲ್ಲಾಂದ್ರೆ ಅದೇ ನೆಪ ಹೇಳಿ ವಾಪಸ್ ಕಳಿಸ್ತಾರೆ. ಇನ್ನೊಂದು, ಪಿಂಚಣಿದಾರರ ಹೆಸರಲ್ಲೇ ಹಾಕಿ, ಅವರದ್ದೇ ಸಹಿ ಅಥವಾ ಹೆಬ್ಬೆಟ್ಟು ಇರ್ಲಿ. ಬೇರೆಯವರ ಹೆಸರಲ್ಲಿ ಹಾಕಿದ್ರೆ ವೈಯಕ್ತಿಕ ಮಾಹಿತಿ ಅಂತ ತಿರಸ್ಕಾರ ಆಗ್ಬಹುದು.

ಪ್ರಶ್ನೆ ಹೇಗೆ ಕೇಳ್ಬೇಕು ಅನ್ನೋದ್ರಲ್ಲೇ ಎಲ್ಲಾ ಇರೋದು. ‘ಯಾಕೆ ನಿಲ್ಲಿಸಿದ್ರಿ’ ಅಂತ ಕೇಳಿದ್ರೆ ಅದು ಮಾಹಿತಿ ವ್ಯಾಪ್ತಿಗೆ ಬರಲ್ಲ ಅಂತ ಉತ್ತರ ಬರತ್ತೆ, ಆರ್‌ಟಿಐ ಕೊಡೋದು ದಾಖಲೆ, ವಿವರಣೆ ಅಲ್ಲ. ಅಜ್ಜಿ ಹೆಸರಲ್ಲಿ ನಾವು ಕೇಳಿದ್ದು ಮೂರೇ: ಪಿಂಚಣಿ ನಿಲ್ಲಿಸಿದ ಆದೇಶದ ಪ್ರತಿ, ನಿಲ್ಲಿಸುವ ಮೊದಲು ಮಾಡಿದ ಸ್ಥಳ ಪರಿಶೀಲನೆಯ ವರದಿಯ ಪ್ರತಿ, ನಮ್ಮ ಅರ್ಜಿ ಮೇಲೆ ಈವರೆಗೆ ಆಗಿರೋ ಕಡತದ ಟಿಪ್ಪಣಿ ಹಾಳೆಗಳ ಪ್ರತಿ. 26ನೇ ದಿನ ಒಂದು ಕವರ್ ಬಂತು. ಒಳಗೆ ಪರಿಶೀಲನೆ ಪಟ್ಟಿ, ಅಜ್ಜಿ ಹೆಸರಿನ ಮುಂದೆ ಪೆನ್ನಲ್ಲಿ ಬರೆದಿದ್ದು ಒಂದೇ ಪದ, ‘ವಾಸವಿರುವುದಿಲ್ಲ’. ತಾರೀಖು ನೋಡಿದ್ರೆ ಅಜ್ಜಿ ಆಗ ಮಗಳ ಬಾಣಂತನಕ್ಕೆ ಅಂತ ಹೋಗಿದ್ರು. ಬೀಗ ಹಾಕಿರೋ ಮನೆ ನೋಡಿ ಹಾಗೆ ಬರೆದು ಹೋಗಿದ್ದಾರೆ, ಪಕ್ಕದ ಮನೇಲಿ ಒಂದು ಮಾತು ಕೇಳಿಲ್ಲ. ಅಜ್ಜಿಗೆ ಓದಿ ಹೇಳಿದಾಗ ‘ನಾನು ಇಲ್ಲಿ ಇರ್ದೇ ಇನ್ನೆಲ್ಲಿಗೆ ಹೋಗ್ಲಿ, ಐವತ್ತು ವರ್ಷದಿಂದ ಇದೇ ಮನೇಲಿದೀನಿ’ ಅಂತ ಕಣ್ಣೀರು ಹಾಕಿದ್ರು, ಆ ಹಾಳೆ ಕೈಲಿ ಹಿಡ್ಕೊಂಡು ತುಂಬಾ ಹೊತ್ತು ಕೂತಿದ್ರು. ಆದ್ರೆ ಬಿಡಿಸ್ಬೇಕಾದ ಗಂಟು ಎಲ್ಲಿದೆ ಅಂತ ಸಿಕ್ತು. ಅಕ್ಕಪಕ್ಕದ ಐದು ಮನೆಯವರ ಸಹಿ ಮಾಡ್ಸಿ, ರೇಷನ್ ಕಾರ್ಡ್, ವೋಟರ್ ಐಡಿ ಝೆರಾಕ್ಸ್ ಇಟ್ಟು ಮರುಪರಿಶೀಲನೆಗೆ ಅರ್ಜಿ ಕೊಟ್ವಿ.

ಆರ್‌ಟಿಐ ಗಡುವು 30 ದಿನ. ಜೀವಕ್ಕೆ ಸಂಬಂಧಪಟ್ಟ ವಿಷ್ಯ ಆದ್ರೆ 48 ಗಂಟೆ. ಅರ್ಜಿ ತಪ್ಪು ಆಫೀಸಿಗೆ ಹೋಗಿದ್ರೆ ಅವರೇ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸ್ಬೇಕು. ಉತ್ತರ ಬರ್ಲಿಲ್ಲ, ಅಥವಾ ಅರ್ಧಂಬರ್ಧ ಬಂತು ಅಂದ್ರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸರಿಯಾದ ಕಾರಣ ಇಲ್ದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ದಂಡ ಹಾಕೋ ಅಧಿಕಾರ ಆಯೋಗಕ್ಕಿದೆ. ಆಯೋಗದಲ್ಲಿ ತುಂಬಾ ತಡ ಆಗತ್ತೆ, ನಿಜ, ಆದ್ರೂ ಮೊದಲ ಮೇಲ್ಮನವಿ ಹಾಕಿದ ಕೂಡ್ಲೇ ಕಾಗದ ಹೊರಗೆ ಬರೋದನ್ನ ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದೀನಿ, ಹಾಗಾಗಿ ಅದನ್ನ ಬಿಡ್ಬೇಡಿ.

ಆಸ್ಪತ್ರೆ ವಿಷ್ಯಕ್ಕೆ ಆದ್ರೆ ಔಷಧಿ ದಾಸ್ತಾನು ರಿಜಿಸ್ಟರ್, ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಪ್ರತಿ, ಹಾಜರಾತಿ, ಆಸ್ಪತ್ರೆ ನೋಡ್ಕೊಳ್ಳೋ ಆರೋಗ್ಯ ರಕ್ಷಾ ಸಮಿತಿಯ ಖರ್ಚಿನ ಲೆಕ್ಕ ಮತ್ತು ಸಭೆಯ ನಡಾವಳಿ ಕೇಳಿ. ಪ್ರತಿ ಬೇಡ, ಕಡತ ನೋಡಿದ್ರೆ ಸಾಕು ಅನ್ನಿಸಿದ್ರೆ ಪರಿಶೀಲನೆಗೆ ಅವಕಾಶ ಕೊಡಿ ಅಂತಾನೂ ಕೇಳ್ಬಹುದು.

ಆರನೇದು: ಒಬ್ರೇ ಹೋಗ್ಬೇಡಿ, ಗ್ರಾಮಸಭೇಲಿ ಎತ್ತಿ

ಒಬ್ಬ ಅಜ್ಜಿ ಕೇಳಿದ್ರೆ ಅದು ಅಜ್ಜಿ ಕಷ್ಟ, ಇಪ್ಪತ್ತು ಜನ ಒಂದೇ ಪಟ್ಟಿ ಹಿಡ್ಕೊಂಡು ಕೇಳಿದ್ರೆ ಅದು ಆಡಳಿತದ ಪ್ರಶ್ನೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಅಂತ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಇವರೆಲ್ಲ ಹಳ್ಳಿ ಜನರ ಜೊತೆ ಸೇರಿ 1990ರಲ್ಲಿ ಕಟ್ಟಿದ್ದು, 1994ರ ಡಿಸೆಂಬರಲ್ಲಿ ಕೋಟ್ ಕಿರಾನಾ ಅನ್ನೋ ಊರಲ್ಲಿ ಮೊದಲ ಜನ ಸುನವಾಯಿ, ಅಂದ್ರೆ ಬಹಿರಂಗ ವಿಚಾರಣೆ, ಮಾಡಿದ್ರು. ಪಂಚಾಯ್ತಿ ಕಾಗದದಲ್ಲಿರೋ ಲೆಕ್ಕವನ್ನ ಊರವರ ಮುಂದೆ ಗಟ್ಟಿಯಾಗಿ ಓದೋದು, ಯಾರ ಹೆಸರಲ್ಲಿ ಕೂಲಿ ಬರೆದಿದ್ಯೋ ಅವರೇ ಎದ್ದು ನಿಂತು ನನಗೆ ಸಿಕ್ಕಿದ್ದು ಇಷ್ಟು ಅಂತ ಹೇಳೋದು, ಅಷ್ಟೇ. ಆ ಹೋರಾಟವೇ ಬೆಳೆದು ಬೆಳೆದು ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡ್ತು.

ನಮ್ಮಲ್ಲಿ ಗ್ರಾಮಸಭೆ ವರ್ಷಕ್ಕೆ ಕಡಿಮೆ ಅಂದ್ರೂ ಎರಡು ಸಲ ನಡೀಲೇಬೇಕು. ಹೋಗೋ ಮುಂಚೆ ಮನೆಮನೆಗೆ ಹೋಗಿ ಪಟ್ಟಿ ಮಾಡಿ: ಯಾರಿಗೆ ಪಿಂಚಣಿ ನಿಂತಿದೆ, ಯಾವ ಮಗುಗೆ ಅಂಗನವಾಡಿ ಆಹಾರ ಸಿಗ್ತಿಲ್ಲ, ಯಾರಿಗೆ ಅಂಗವಿಕಲರ ಗುರುತಿನ ಕಾರ್ಡ್ (ಯುಡಿಐಡಿ) ಆಗಿಲ್ಲ. ಸಭೇಲಿ ಓದಿ, ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕೈಗೆ ಕೊಡಿ, ಮುಖ್ಯವಾಗಿ ನಡಾವಳಿ ಪುಸ್ತಕದಲ್ಲಿ ಬರ್ಸಿ, ಬರೆದಿದ್ದನ್ನ ಅಲ್ಲೇ ಓದಿಸಿ ಕೇಳಿ, ಆಮೇಲೆ ನಡಾವಳಿ ಪ್ರತಿ ತಗೊಳ್ಳಿ. ಅಂಗವಿಕಲರಿಗೆ ಅಂತ ಪಂಚಾಯ್ತಿ ಎತ್ತಿಡೋ ಶೇ. 5ರ ದುಡ್ಡು ಹೋದ ವರ್ಷ ಯಾವುದಕ್ಕೆ ಖರ್ಚಾಯ್ತು ಅನ್ನೋದೂ ಅಲ್ಲೇ ಕೇಳ್ಬೇಕಾದ ಪ್ರಶ್ನೆ. ಊರಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿ, ಅಂಗನವಾಡಿಗೆ ಬಾಲವಿಕಾಸ ಸಮಿತಿ ಇರ್ತವೆ, ಎಷ್ಟೋ ಕಡೆ ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರಲ್ಲ. ಪಟ್ಟಿ ಕೇಳಿ ತಗೊಂಡು ಅವರ ಮನೆಗೇ ಹೋಗಿ ಮಾತಾಡಿ.

ಆದ್ರೆ ಯಾರ ಪರವಾಗಿ ಕೇಳ್ತಿದೀರೋ ಅವರನ್ನ ಕೇಳ್ದೆ ಅವರ ವಿಷ್ಯ ಸಭೇಲಿ ಹೇಳ್ಬೇಡಿ. ಕಾಯಿಲೆ ಹೆಸರು, ಮನೆಯ ಜಗಳ, ಮಾನಸಿಕ ಆರೋಗ್ಯ ಇವೆಲ್ಲ ಮೈಕಲ್ಲಿ ಹೇಳೋ ವಿಷ್ಯ ಅಲ್ಲ. ಎಚ್‌ಐವಿ ವಿಷ್ಯದಲ್ಲಂತೂ ಗೋಪ್ಯತೆಗೆ 2017ರ ಕಾನೂನೇ ಇದೆ. ಹಾಸಿಗೆ ಹಿಡಿದವರ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಶೇರ್ ಮಾಡಿ ಅನ್ನೋದನ್ನ ದಯವಿಟ್ಟು ನಿಲ್ಲಿಸಿ, ಸೌಲಭ್ಯ ಸಿಕ್ಕಿದ ಮೇಲೂ ಆ ಫೋಟೋ ಊರೂರು ಸುತ್ತತ್ತೆ, ಅವರು ಆ ಊರಲ್ಲೇ ಬದುಕ್ಬೇಕು.

ಏಳನೇದು: ಕೆಳಗಡೆ ಆಗ್ಲಿಲ್ಲ ಅಂದ್ರೆ ಮೇಲಕ್ಕೆ

ಮೊದಲು 1902, ಜನಸ್ಪಂದನ ಸಹಾಯವಾಣಿ, ದೂರಿನ ನಂಬರ್ ತಪ್ಪದೇ ಬರ್ಕೊಳ್ಳಿ. ಆರೋಗ್ಯದ ದೂರು ಆದ್ರೆ 104. ಹಿರಿಯರಿಗೆ 14567, ಮಕ್ಕಳಿಗೆ 1098.

ರೇಷನ್, ಅಂಗನವಾಡಿ ಆಹಾರಕ್ಕೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ, ಎರಡೂ ಆಹಾರ ಭದ್ರತಾ ಕಾಯ್ದೆಯಲ್ಲೇ ಇರೋದು. ಹೆಬ್ಬೆಟ್ಟು ಮಿಷಿನ್ನಲ್ಲಿ ಹತ್ತಲ್ಲ ಅಂತ ವಯಸ್ಸಾದವರನ್ನ ಬರಿಗೈಲಿ ಕಳಿಸಿದ್ರೆ ಅದನ್ನೂ ದೂರಾಗಿ ಕೊಡಿ, ಬೆರಳಚ್ಚು ಹೊಂದ್ಲಿಲ್ಲ ಅನ್ನೋದೊಂದೇ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರ್ದು ಅಂತ 2018ರ ಆಧಾರ್ ತೀರ್ಪಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅಂಗವಿಕಲರಿಗೆ ರಾಜ್ಯ ಆಯುಕ್ತರು ಇದಾರೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಫೀಸಿಲ್ದೆ ದೂರು ಕೊಡ್ಬಹುದು, ಘಟನೆ ಆಗಿ ಒಂದು ವರ್ಷದೊಳಗೆ.

ಲಂಚ ಕೇಳಿದ್ರೆ ದಾರಿ ಬೇರೆ. ಹೆರಿಗೆ ವಾರ್ಡಲ್ಲಿ ಮಗು ತೋರಿಸೋಕೆ ‘ಖುಷಿಗೆ ಕೊಡಿ’ ಅಂತಾರಲ್ಲ, ಅದೂ ಲಂಚಾನೇ. ಇದಕ್ಕೆ ಲೋಕಾಯುಕ್ತ. ದುಡ್ಡು ಕೊಡೋ ಮುಂಚೆನೇ ಅವರ ಜಿಲ್ಲಾ ಕಚೇರಿಗೆ ಹೋಗಿ ಮಾತಾಡಿ.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರೀಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆಲ್ಲ ಆದಾಯ ಎಷ್ಟೇ ಇರ್ಲಿ ವಕೀಲರು ಉಚಿತ. ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಕಚೇರಿ ಇರತ್ತೆ, ಫೋನ್ 15100. ಸಮಿತಿಯಿಂದ ತಹಶೀಲ್ದಾರ್ ಆಫೀಸಿಗೆ ಒಂದು ಪತ್ರ ಹೋದ್ರೆ ಸಾಕಾಗೋ ಕೇಸುಗಳೇ ಜಾಸ್ತಿ. ತೀರಾ ಆಗ್ಲಿಲ್ಲ ಅಂದ್ರೆ ಹೈಕೋರ್ಟಲ್ಲಿ ರಿಟ್ ಅರ್ಜಿ, ಬೆಂಗಳೂರಿಗೇ ಬರ್ಬೇಕು ಅಂತಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠ ಇದೆ. ಅಲ್ಲಿ ವಕೀಲರು ಮೊದಲು ಕೇಳೋದೂ ಆ ಸೀಲ್ ಬಿದ್ದ ಅರ್ಜಿಗಳನ್ನೇ.

ಭಯ ಇರತ್ತೆ, ನಾಳೆ ಅದೇ ಆಸ್ಪತ್ರೆಗೆ ಹೋಗ್ಬೇಕು, ಅದೇ ರೇಷನ್ ಅಂಗಡೀಲಿ ನಿಲ್ಬೇಕು. ಅದಕ್ಕೆ ಸ್ವಸಹಾಯ ಸಂಘದ ಹೆಸರಲ್ಲೋ ಊರಿನ ಹತ್ತಿಪ್ಪತ್ತು ಸಹಿಯಲ್ಲೋ ಅರ್ಜಿ ಹೋಗ್ಲಿ, ಒಬ್ಬರ ಮೇಲೆ ಕಣ್ಣು ಬೀಳಲ್ಲ.

ಅಜ್ಜಿ ವಿಷ್ಯ ಹೇಳಿ ಬಿಡ್ತೀನಿ. ಮರುಪರಿಶೀಲನೆ ಆಗಿ ಎರಡು ತಿಂಗಳಿಗೆ ಪಿಂಚಣಿ ಮತ್ತೆ ಶುರು ಆಯ್ತು. ಬಾಕಿ ಬರ್ಲಿಲ್ಲ, ಅದಕ್ಕೆ ಇನ್ನೊಂದು ಅರ್ಜಿ ಕೊಟ್ಟು ಅದರ ಬೆನ್ನು ಹತ್ತಿದೀವಿ, ನೋಟ್‌ಬುಕ್ಕಲ್ಲಿ ಅದಕ್ಕೇ ಬೇರೆ ಪುಟ ಇದೆ. ಈಗ ಅಜ್ಜಿ ಮಗಳ ಮನೆಗೆ ಹೊರಟ್ರೆ ಗ್ರಾಮ ಆಡಳಿತಾಧಿಕಾರಿಗೆ ‘ಇಷ್ಟು ದಿನ ಊರಲ್ಲಿರಲ್ಲ, ವಾಪಸ್ ಬರ್ತೀನಿ’ ಅಂತ ಒಂದು ಚೀಟಿ ಕೊಟ್ಟು, ಅದರ ಝೆರಾಕ್ಸ್ ಮೇಲೆ ಸೀಲ್ ಹಾಕಿಸ್ಕೊಂಡು, ಮಡಚಿ ಸೊಂಟದ ಚೀಲದಲ್ಲಿ ಇಟ್ಕೊಂಡ ಮೇಲೇನೇ ಬಸ್ ಹತ್ತೋದು.